ಕನ್ನಂಬಾಡಿ ಕಟ್ಟೆಯ ಒಂದು ಅಡಿ ನೀರು: ಯಾರಿಗೆ ಎಷ್ಟು?

ಮುಂಗಾರು ಶುರುವಾಯಿತೆಂದರೆ ಮಂಡ್ಯ ಮತ್ತು ಮೈಸೂರಿನ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ದಿನವೂ ಒಂದು ಚಿಕ್ಕ ಚೌಕ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್, ಸಂಗ್ರಹ ಇಷ್ಟು ಟಿಎಂಸಿ. ಕೃಷ್ಣರಾಜಸಾಗರದ ಈ ಐದು ಸಾಲನ್ನು ನಮ್ಮ ಕಡೆಯ ಜನ ಚಿನ್ನದ ಧಾರಣೆಗಿಂತ ಮೊದಲು ಓದುತ್ತಾರೆ. ಬೆಳಗಿನ ಹೋಟೆಲಿನಲ್ಲಿ ಒಬ್ಬರು ಪತ್ರಿಕೆ ಬಿಡಿಸಿದರೆ ಪಕ್ಕದ ಮೇಜಿನವರು ಕೇಳುವ ಮೊದಲ ಪ್ರಶ್ನೆ, ಕಟ್ಟೆ ಎಷ್ಟಾಯಿತು ಎಂಬುದು. ಅಣೆಕಟ್ಟು, ಜಲಾಶಯ ಎಂಬ ಪದಗಳೆಲ್ಲ ಕಚೇರಿಯ ಕಾಗದಗಳಿಗೆ. ಊರಿನವರ ಬಾಯಲ್ಲಿ ಅದು ಇಂದಿಗೂ ಕನ್ನಂಬಾಡಿ ಕಟ್ಟೆ.

ಆದರೆ ಆ ಚೌಕದಲ್ಲಿರುವ ಒಂದು ಅಡಿ ಎಲ್ಲರಿಗೂ ಒಂದೇ ಅಡಿಯಲ್ಲ. ಮದ್ದೂರಿನ ನಾಲೆಯ ಕೊನೆಯಲ್ಲಿ ಭತ್ತದ ಸಸಿಮಡಿ ಮಾಡಿಕೊಂಡು ಕಾಯುವವನಿಗೆ, ಮೈಸೂರಿನ ಬಡಾವಣೆಯೊಂದರಲ್ಲಿ ನಲ್ಲಿ ತಿರುಗಿಸುವವಳಿಗೆ, ಹಿನ್ನೀರಿನ ಅಂಚಿನ ಹಳ್ಳಿಯಲ್ಲಿ ಹರಿಗೋಲು ಕಟ್ಟಿರುವ ಮೀನುಗಾರನಿಗೆ ಅದೇ ಅಡಿ ಬೇರೆ ಬೇರೆ ಅರ್ಥ ಕೊಡುತ್ತದೆ. ಕೆಲವೊಮ್ಮೆ ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗುತ್ತದೆ. ಕಟ್ಟೆಯ ಸುತ್ತಲಿನ ಸಣ್ಣ ಊರುಗಳ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಈ ಅಡಿಯನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಲೆಕ್ಕದಿಂದಲೇ ಆರಂಭಿಸೋಣ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು, ಲೀಟರಿನಲ್ಲಿ ಸುಮಾರು 2,831 ಕೋಟಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು ಹರಿವು. ಮೊದಲನೆಯದು ಸಂಗ್ರಹದ ಅಳತೆ, ಎರಡನೆಯದು ಹರಿವಿನ ಅಳತೆ. ಕಣಜದಲ್ಲಿರುವ ರಾಗಿಗೂ ದಿನವೂ ಅಳೆದು ತೆಗೆಯುವ ಸೇರಿಗೂ ಇರುವ ವ್ಯತ್ಯಾಸವೇ ಇವೆರಡರ ನಡುವೆ ಇರುವುದು. ಇವನ್ನು ಜೋಡಿಸುವ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು: 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಹೀಗಾಗಿ ಒಳಹರಿವು 35 ಸಾವಿರ ಕ್ಯುಸೆಕ್ ಎಂದು ಓದಿದಾಗ, ಹೊರಗೆ ಏನೂ ಬಿಡದಿದ್ದರೆ ಕಟ್ಟೆಗೆ ಆ ದಿನ ಮೂರು ಟಿಎಂಸಿ ಸೇರಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು.

ಕಟ್ಟೆಯ ಪೂರ್ಣ ಸಾಮರ್ಥ್ಯ 49.452 ಟಿಎಂಸಿ. 124.80 ಅಡಿ ಎಂಬುದು ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಕಟ್ಟೆಯ ಬುಡದಿಂದ ಎಣಿಸಿದ ಎತ್ತರ. ಹಾಗಾದರೆ ಮಟ್ಟ ಅರ್ಧಕ್ಕೆ, ಅಂದರೆ 62 ಅಡಿಗೆ ಇಳಿದಾಗ ನೀರೂ ಅರ್ಧ ಇರಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹಾಗಿರುವುದಿಲ್ಲ. ಜಲಾಶಯವೆಂದರೆ ನೆಟ್ಟಗಿನ ಗೋಡೆಯ ತೊಟ್ಟಿಯಲ್ಲ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಬೋಗುಣಿ. ತುಂಬಿದಾಗ ನೀರು ಸುಮಾರು 130 ಚದರ ಕಿಲೋಮೀಟರಿನಷ್ಟು ಹರಡಿಕೊಳ್ಳುತ್ತದೆ. ಆ ಹರವಿನ ಮೇಲಿನ ಒಂದೇ ಒಂದು ಅಡಿ ನೀರು ಹೆಚ್ಚೂಕಡಿಮೆ 1.4 ಟಿಎಂಸಿ. ಮಟ್ಟ 90 ಅಡಿಯ ಆಸುಪಾಸಿಗೆ ಬಂದಾಗ ಹರವು ಕುಗ್ಗಿ, ಒಂದು ಅಡಿಗೆ ಅದರ ಅರ್ಧದಷ್ಟೂ ನೀರು ಕಷ್ಟ. ಇದರಿಂದಲೇ ಮಟ್ಟ 100 ಅಡಿಗೆ ಬಂದಾಗ ಕಣ್ಣಿಗೆ ಇನ್ನೂ ಸಾಕಷ್ಟು ನೀರಿದೆ ಎನ್ನಿಸಿದರೂ ನಿಜವಾಗಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ. ಅದರಲ್ಲೂ ತಳದ ನಾಲ್ಕು ಟಿಎಂಸಿಗಿಂತ ಸ್ವಲ್ಪ ಹೆಚ್ಚಿನ ನೀರನ್ನು ಬಳಕೆಗೆ ಲೆಕ್ಕ ಹಿಡಿಯುವುದಿಲ್ಲ. ಅದನ್ನು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಹೂಳು, ಜಲಚರಗಳು, ತೀರಾ ಕೆಟ್ಟ ವರ್ಷದ ಕುಡಿಯುವ ನೀರು, ಎಲ್ಲವೂ ಅದರಲ್ಲೇ.

ಏಪ್ರಿಲಿನಲ್ಲಿ ಮಟ್ಟ ಬೇಗ ಬೇಗ ಇಳಿದಂತೆ ಕಾಣುವುದಕ್ಕೂ ಇದೇ ಕಾರಣ. ತುಂಬಿದ ಕಟ್ಟೆಯಿಂದ ಒಂದು ಟಿಎಂಸಿ ತೆಗೆದರೆ ಮಟ್ಟ ಒಂಬತ್ತು ಅಂಗುಲದಷ್ಟೂ ಇಳಿಯುವುದಿಲ್ಲ. 90 ಅಡಿಯಲ್ಲಿ ಅಷ್ಟೇ ನೀರು ತೆಗೆದರೆ ಒಂದೂವರೆ ಅಡಿಯೇ ಇಳಿದು ಹೋಗುತ್ತದೆ. ಇದರ ಮೇಲೆ ಬಿಸಿಲಿನ ಪಾಲೂ ಇದೆ. ಬೇಸಿಗೆಯಲ್ಲಿ ನೀರಿನ ಹರವು 70 ಚದರ ಕಿಲೋಮೀಟರ್ ಇದೆ ಎಂದು ಇಟ್ಟುಕೊಳ್ಳೋಣ. ದಿನಕ್ಕೆ ಅರ್ಧ ಸೆಂಟಿಮೀಟರ್ ಆವಿಯಾದರೂ 35 ಕೋಟಿ ಲೀಟರ್ ಗಾಳಿಗೆ ಹೋಗುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಲ್ಲಿ ನೋಡಿದರೆ ಅದು ಸುಮಾರು 26 ಲಕ್ಷ ಜನರ ಒಂದು ದಿನದ ನೀರು.

ಈ ನೀರು ಮಂಡ್ಯದ ಮಳೆಯದಲ್ಲ. ಮಂಡ್ಯ ಮಳೆನೆರಳಿನ ಸೀಮೆ. ತಲಕಾವೇರಿಯಿಂದ ಇಳಿಯುವ ಕಾವೇರಿ, ಮೂಡಿಗೆರೆಯ ಕಡೆಯಿಂದ ಸಕಲೇಶಪುರ, ಗೊರೂರು ಹಾದು ಬರುವ ಹೇಮಾವತಿ, ಕೊಡಗಿನ ದಕ್ಷಿಣದಿಂದ ಇರ್ಪು ಜಲಪಾತವಾಗಿ ಧುಮುಕಿ ಹುಣಸೂರಿನ ಮೇಲೆ ಬರುವ ಲಕ್ಷ್ಮಣತೀರ್ಥ, ಈ ಮೂರೂ ಕೂಡಿದ ನಂತರ ಕಟ್ಟೆ ಇದೆ. ಭಾಗಮಂಡಲದಲ್ಲಿ ಸೇತುವೆಯ ಮೇಲೆ ನೀರು ಬಂತು ಎಂಬ ಸುದ್ದಿ ಕೇಳಿ ಪಾಂಡವಪುರದ ರೈತ ಗೊಬ್ಬರದ ಅಂಗಡಿಗೆ ಹೋಗುವುದು ಸುಮ್ಮನೆ ಅಲ್ಲ. ಭಾಗಮಂಡಲದ ಕಾವೇರಿ ನೇರವಾಗಿ ಕನ್ನಂಬಾಡಿಗೆ ಬಂದರೂ ಹಾರಂಗಿ ಮತ್ತು ಹೇಮಾವತಿ ನದಿಗಳ ನೀರು ಹಾಗೆ ಬರುವುದಿಲ್ಲ. ಮೊದಲು ಹಾರಂಗಿ ಮತ್ತು ಗೊರೂರಿನ ಹೇಮಾವತಿ ಜಲಾಶಯಗಳು ತುಂಬಬೇಕು. ಅವು ಹೊಟ್ಟೆ ತುಂಬಿಸಿಕೊಂಡ ಮೇಲೆ ಇಲ್ಲಿನ ಒಳಹರಿವು ಇದ್ದಕ್ಕಿದ್ದಂತೆ ಏರುತ್ತದೆ. 2025ರ ಜೂನ್ ಕೊನೆಯಲ್ಲಿ ಕಟ್ಟೆ ತುಂಬಿ ಬಾಗಿನ ಅರ್ಪಿಸಿದ್ದು ಊರೂರಲ್ಲಿ ಮಾತಾಗಿತ್ತು. ಕಟ್ಟೆಯ ಚರಿತ್ರೆಯಲ್ಲಿ ಜೂನ್ ತಿಂಗಳಲ್ಲೇ ತುಂಬಿದ್ದು ಅದೇ ಮೊದಲು.

ಕಟ್ಟೆ ಯಾಕೆ ಇಲ್ಲಿ ಬಂತು ಎಂಬುದಕ್ಕೆ ಶಾಲೆಯ ಪುಸ್ತಕ ಕೊಡುವ ಉತ್ತರ ನೀರಾವರಿ. ಅದು ಅರ್ಧ ಉತ್ತರ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆಯಲಾಗಿತ್ತು. ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಿಗೆಯಲ್ಲಿ ಸೊರಗಿದರೆ ಯಂತ್ರ ತಿರುಗುವುದು ಹೇಗೆ? ಮೇಲುಗಡೆ ನೀರು ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಡಬೇಕಿತ್ತು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಅಗತ್ಯವನ್ನೂ ಮಂಡ್ಯದ ಒಣಭೂಮಿಯ ನೀರಾವರಿಯನ್ನೂ ಒಂದೇ ಯೋಜನೆಯಲ್ಲಿ ಸೇರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1911ರಲ್ಲಿ ಕೆಲಸ ಆರಂಭವಾಯಿತು. ಕೆಳಗಿನ ಮದ್ರಾಸು ಪ್ರಾಂತ್ಯ ಆಕ್ಷೇಪಿಸಿದ್ದರಿಂದ ಮೊದಲು ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಯ ಚಿಕ್ಕ ಕಟ್ಟೆಗೆ ಮಾತ್ರ. ಆದರೆ ಅಡಿಪಾಯವನ್ನು ಮುಂದಿನ ದೊಡ್ಡ ಕಟ್ಟೆಯ ಅಳತೆಗೇ ಹಾಕಲಾಯಿತು. ಆ ನಿರ್ಧಾರದ ಧೈರ್ಯ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಮಧ್ಯಸ್ಥಿಕೆ, ಮೇಲ್ಮನವಿ, ಮಾತುಕತೆಗಳೆಲ್ಲ ಮುಗಿದು 1924ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಸಿಮೆಂಟ್ ಬಳಸದೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಎರಡೂವರೆ ಕಿಲೋಮೀಟರಿಗೂ ಉದ್ದದ ಈ ಕಲ್ಲುಕಟ್ಟೆ 1930ರ ದಶಕದ ಆರಂಭಕ್ಕೆ ಪೂರ್ಣಗೊಂಡಿತು.

ಎಡದಂಡೆಯಿಂದ ಹೊರಟ ನಾಲೆಗೆ ಆಗಿನ ವೈಸರಾಯರ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆದರು; ಇಂದು ಅದೇ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಅಡ್ಡ ಬಂದ ದಿಣ್ಣೆಯನ್ನು ಕೊರೆದು ಹುಲಿಕೆರೆಯ ಬಳಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿ ನೀರನ್ನು ಆಚೆ ದಾಟಿಸಲಾಯಿತು. ನಾಲೆ ಬಂದ ಮೇಲೆ ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಒಂದು ಜಿಲ್ಲೆ ಒಂದು ನಾಲೆಯಿಂದ ಹುಟ್ಟಿತು ಎಂದರೆ ಉತ್ಪ್ರೇಕ್ಷೆಯಾಗದು.

ಇಷ್ಟು ತಿಳಿದ ಮೇಲೆ, ಕಟ್ಟೆಯ ಮುಂದೆ ಇರುವವರು ಮತ್ತು ಹಿಂದೆ ಇರುವವರು ಎಂಬ ಭೇದವನ್ನು ನೋಡಬೇಕು. ಎಲ್ಲ ವಿಷಯದ ಬೇರು ಇಲ್ಲಿದೆ.

ನಾಲೆಯ ನೀರು ಪಂಪಿನಿಂದ ಹೋಗುವುದಿಲ್ಲ, ಇಳಿಜಾರಿನಲ್ಲಿ ತನ್ನಷ್ಟಕ್ಕೆ ಹರಿಯುತ್ತದೆ. ತೂಬು ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಕೆಳಗಿನ ನೆಲಕ್ಕೆ ಮಾತ್ರ ನೀರು. ಕಟ್ಟೆಯಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಮಳವಳ್ಳಿಯ ಗದ್ದೆ ತಗ್ಗಿನಲ್ಲಿದ್ದರೆ ಅದಕ್ಕೆ ಕನ್ನಂಬಾಡಿ ನೀರು ಸಿಗುತ್ತದೆ; ನೀರಿನಿಂದ ಇನ್ನೂರು ಹೆಜ್ಜೆಯಲ್ಲಿದ್ದರೂ ದಿಣ್ಣೆಯ ಮೇಲಿರುವ ಹಿನ್ನೀರಿನ ಊರಿನ ಹೊಲಕ್ಕೆ ಸಿಗುವುದಿಲ್ಲ. ಸುತ್ತಲಿನ ಹಳ್ಳಿಗಳೆಲ್ಲ ಮುಳುಗಡೆಯ ಗೆರೆಗಿಂತ ಮೇಲೆಯೇ ಇರಬೇಕಾದ್ದರಿಂದ, ನೀರು ಅವುಗಳ ಕಾಲಬುಡದಲ್ಲಿ ಇರುತ್ತದೆ, ಹೊಲದಲ್ಲಿ ಇರುವುದಿಲ್ಲ. ಕೆ.ಆರ್. ಪೇಟೆ, ಕೆ.ಆರ್. ನಗರ, ಹುಣಸೂರು ಕಡೆಯ ಅಂಚಿನ ಊರುಗಳಲ್ಲಿ ಮನೆಯ ಜಗುಲಿಯಿಂದಲೇ ಸಮುದ್ರದಂಥ ನೀರು ಕಾಣಿಸುತ್ತಿರುತ್ತದೆ, ಹಿತ್ತಿಲಿನಲ್ಲಿ ಕೊಳವೆಬಾವಿ ಕೊರೆಯುವ ಲಾರಿ ನಿಂತಿರುತ್ತದೆ. ಎತ್ತಿ ಹರಿಸುವ ಏತ ನೀರಾವರಿ ಇದ್ದಲ್ಲಿ ಒಂದಿಷ್ಟು ಜಮೀನಿಗೆ ದಾರಿಯಾಗಿದೆ. ಅದಕ್ಕೆ ಕರೆಂಟು, ಮೋಟಾರು, ಪೈಪು ಎಲ್ಲವೂ ಸರಿಯಾಗಿ ನಡೆಯಬೇಕು.

ಮುಂದೆ ಇರುವವರಲ್ಲೂ ತಲೆ ಭಾಗ, ಕೊನೆ ಭಾಗ ಎಂಬುದಿದೆ. ನಾಲೆ ಬಿಟ್ಟ ದಿನವೇ ನೀರು ಎಲ್ಲ ಕಡೆ ತಲುಪುವುದಿಲ್ಲ. ಮೊದಲು ಒಣಗಿದ ನಾಲೆಯ ನೆಲವೇ ಕುಡಿಯುತ್ತದೆ, ಆಮೇಲೆ ತಲೆ ಭಾಗದ ಗದ್ದೆಗಳು, ಹೀಗೆ ಸಾಗಿ ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಹಲವು ದಿನಗಳಾಗಿ, ಹರಿವೂ ತೆಳುವಾಗಿರುತ್ತದೆ. ನೀರು ಸಾಲದ ವರ್ಷ ನೀರಾವರಿ ಸಲಹಾ ಸಮಿತಿ ಕಟ್ಟು ಪದ್ಧತಿ ಎಂದು ತೀರ್ಮಾನಿಸುತ್ತದೆ: ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ಕಾಗದದಲ್ಲಿ ಅದು ಎಲ್ಲರಿಗೂ ಸಮ. ಆದರೆ ಹರಿಸುವ ದಿನಗಳು ಮುಗಿಯುವ ಹೊತ್ತಿಗೆ ಕೊನೆ ಭಾಗಕ್ಕೆ ನೀರು ಆಗತಾನೇ ಮುಖ ತೋರಿಸಿರುತ್ತದೆ. ಇಂಥ ದಿನಗಳಲ್ಲಿ ರಾತ್ರಿ ಟಾರ್ಚ್ ಹಿಡಿದು ತೂಬಿನ ಬಳಿ ಕಾಯುವ ನೀರುಗಂಟಿಯ ಕೆಲಸ ಊರಿನಲ್ಲೇ ಅತ್ಯಂತ ಕಷ್ಟದ ಕೆಲಸ. ಮೇಲಿನವರೂ ಬೈಯುತ್ತಾರೆ, ಕೆಳಗಿನವರೂ ಬೈಯುತ್ತಾರೆ. ತಲೆ ಭಾಗದಲ್ಲಿ ಇದರ ಉಲ್ಟಾ ತೊಂದರೆ. ಸದಾ ನೀರು ನಿಂತು ನೆಲ ಜೌಗಾಗುತ್ತದೆ, ಉಪ್ಪು ಮೇಲೆ ಬಂದು ಚೌಳಾಗುತ್ತದೆ. ನಾಲೆಗೆ ಕಾಂಕ್ರೀಟ್ ಹಾಸಿದರೆ ಸೋರಿಕೆ ನಿಂತು ಕೊನೆಯವರಿಗೆ ಅನುಕೂಲ. ಅದೇ ಸೋರಿಕೆಯನ್ನು ನಂಬಿದ್ದ ನಾಲೆ ಬದಿಯ ಬಾವಿಗಳ ಒರತೆ ಕಡಿಮೆಯಾಗುತ್ತದೆ. ಎರಡೂ ನಿಜ.

ಈಗ ಹಿಂದೆ ಇರುವವರ ಕಡೆ ತಿರುಗೋಣ. ಅವರ ಬಗ್ಗೆ ಬರೆಯುವವರು ಕಡಿಮೆ ಎಂಬುದೇ ಈ ಲೇಖನಕ್ಕೆ ಕಾರಣ.

ಹಳೆಯ ಕನ್ನಂಬಾಡಿ ಊರು ಇಂದು ನೀರಿನ ಅಡಿಯಲ್ಲಿದೆ. ಜಲಾಶಯಕ್ಕಾಗಿ ಹಲವು ಹಳ್ಳಿಗಳು ಮನೆ, ಗದ್ದೆ, ಗುಡಿ, ಸ್ಮಶಾನಗಳನ್ನು ಬಿಟ್ಟು ಮೇಲಿನ ದಿಣ್ಣೆಗಳಿಗೆ ಬಂದವು. ಹೊಸ ಕನ್ನಂಬಾಡಿ, ಹೊಸ ಆನಂದೂರು ಎಂದು ಹೆಸರಿನ ಮುಂದೆ ‘ಹೊಸ’ ಸೇರಿಸಿಕೊಂಡವು. ತೊಂಬತ್ತು ವರ್ಷ ದಾಟಿದರೂ ಆ ‘ಹೊಸ’ ಹೋಗಿಲ್ಲ. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಹಾಗೆಯೇ ಬಿಟ್ಟು ಬರಬೇಕಾಯಿತು. ಬರ ಬಂದು ಕಟ್ಟೆ ತಳ ಕಂಡ ವರ್ಷಗಳಲ್ಲಿ ಅದರ ಕಂಬಗಳು ನೀರಿನಿಂದ ಮೇಲೆದ್ದು ಬರುತ್ತಿದ್ದವು, ಜನ ಕೆಸರು ತುಳಿದು ಹೋಗಿ ಕೈಮುಗಿದು ಬರುತ್ತಿದ್ದರು. ಈ ಶತಮಾನದ ಆರಂಭದ ವರ್ಷಗಳಲ್ಲಿ ದೇವಾಲಯದ ಕಲ್ಲುಗಳನ್ನು ಗುರುತು ಹಾಕಿ ಬಿಚ್ಚಿ ತಂದು, ಹೊಸ ಕನ್ನಂಬಾಡಿಯ ಬಳಿ ನೀರಿನ ದಡದಲ್ಲಿ ಮತ್ತೆ ಜೋಡಿಸಿ ಕಟ್ಟಲಾಯಿತು. ದೇವರು ಊರು ಸೇರುವುದಕ್ಕೆ ಎಂಬತ್ತು ವರ್ಷದ ಆಸುಪಾಸು ಹಿಡಿಯಿತು.

ಹಿನ್ನೀರಿಗೆ ದಡ ಎಂಬುದು ಒಂದು ಗೆರೆಯಲ್ಲ, ಒಂದು ಪಟ್ಟಿ. ಕಟ್ಟೆಯ ಗೋಡೆಯ ಹತ್ತಿರ ನೀರು ಒಂದು ಅಡಿ ಇಳಿದರೆ ಗೋಡೆಯ ಮೇಲೆ ಒಂದು ಅಡಿ ಒದ್ದೆ ಕಲ್ಲು ಕಾಣುತ್ತದೆ, ಅಷ್ಟೇ. ಆದರೆ ಹಿಂದಿನ ತುದಿಯಲ್ಲಿ ನೆಲ ತೀರಾ ಸಪಾಟು. ನೂರು ಅಡಿಗೆ ಒಂದು ಅಡಿಯಷ್ಟೇ ಇಳಿಜಾರು ಇರುವ ಕಡೆ ಮಟ್ಟ ಒಂದು ಅಡಿ ಇಳಿದರೆ ನೀರಿನ ಅಂಚು ನೂರು ಅಡಿ ಹಿಂದೆ ಸರಿಯುತ್ತದೆ. ಅಕ್ಟೋಬರಿನಲ್ಲಿ ಊರ ಅರಳಿಕಟ್ಟೆಯ ಬಳಿ ಇದ್ದ ನೀರು ಮೇ ತಿಂಗಳಲ್ಲಿ ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ. ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿಯ ಭೂವರಾಹನಾಥನ ಗುಡಿಗೆ ಮಳೆಗಾಲದ ಕೊನೆಯಲ್ಲಿ ಹೋದವರು ಹೇಮಾವತಿ ಹಿನ್ನೀರು ಗುಡಿಯ ಬುಡಕ್ಕೇ ಬಡಿಯುವುದನ್ನು ನೋಡಿರುತ್ತಾರೆ; ಬೇಸಿಗೆಯಲ್ಲಿ ಹೋದವರು ಇದೇನಾ ಆ ಜಾಗ ಎಂದು ಕೇಳುತ್ತಾರೆ.

ಒಂದು ಮೇ ತಿಂಗಳ ಬೆಳಗ್ಗೆ ಸಾಗರಕಟ್ಟೆಯ ಹತ್ತಿರ ಈ ಪಟ್ಟಿಯ ಮೇಲೆ ನಡೆದಿದ್ದೆ. ಮೈಸೂರಿನಿಂದ ಹಾಸನಕ್ಕೆ ಹೋಗುವ ರೈಲು ಅಲ್ಲಿ ಸೇತುವೆ ದಾಟುತ್ತದೆ. ಸೇತುವೆಯ ಕಂಬಗಳ ಮೇಲೆ ನೀರು ಬಿಟ್ಟುಹೋದ ಗೆರೆಗಳು ಒಂದರ ಕೆಳಗೆ ಒಂದು, ಮೇಲಿನವು ಬೆಳ್ಳಗೆ, ಕೆಳಗಿನವು ಇನ್ನೂ ಹಸಿರು. ಕಾಲಡಿ ಬಿರುಕು ಬಿಟ್ಟ ಹೂಳು, ಬಿರುಕುಗಳ ನಡುವೆ ಬೆರಳಿನ ಉಗುರಿನಷ್ಟು ಬಸವನಹುಳದ ಚಿಪ್ಪುಗಳು, ಹೆಜ್ಜೆ ಇಟ್ಟಲ್ಲೆಲ್ಲ ಚಟಚಟ ಸದ್ದು. ಅದರಾಚೆ ಹಸಿ ಇನ್ನೂ ಆರದ ಜಾಗದಲ್ಲಿ ಅಲಸಂದೆ, ಮುಸುಕಿನ ಜೋಳ ಬೆಳೆದು ನಿಂತಿದ್ದವು. ಗೊಬ್ಬರ ಹಾಕಿಲ್ಲ, ನೀರು ಕಟ್ಟಿಲ್ಲ. ಹೂಳಿನ ತೇವದಲ್ಲೇ ಬಂದ ಬೆಳೆ. ಬದುವೂ ಇಲ್ಲದ ಆ ಹೊಲದಲ್ಲಿ ಹುಲ್ಲು ಕೀಳುತ್ತಿದ್ದ ಹಿರಿಯರೊಬ್ಬರನ್ನು, ಜಮೀನು ನಿಮ್ಮದಾ ಎಂದು ಕೇಳಿದೆ. “ನೀರು ಬರೋಗಂಟ ನಮ್ದು ಸ್ವಾಮಿ, ಬಂದ್ಮೇಲೆ ಕಟ್ಟೇದು” ಎಂದರು.

ಅವರ ಮಾತಿನಲ್ಲಿ ಕಾನೂನೂ ಇದೆ. ಮುಳುಗಡೆಯ ಗೆರೆಯೊಳಗಿನ ನೆಲ ಸರ್ಕಾರದ್ದು. ನೀರು ಇಳಿದಾಗ ಅಲ್ಲಿ ಉಳುವವರಿಗೆ ಅದರ ಪಹಣಿ ಇರುವುದಿಲ್ಲ. ಪಹಣಿ ಇಲ್ಲದ ಮೇಲೆ ಬೆಳೆಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಬೆಳೆ ಹಾಳಾದರೆ ಪರಿಹಾರದ ಅರ್ಜಿಗೆ ಬರೆಯಲು ಸರ್ವೆ ನಂಬರೂ ಇಲ್ಲ. ಮುಂಗಾರು ತಡವಾದ ವರ್ಷ ನಾಲೆಯ ರೈತ ಆಕಾಶ ನೋಡಿ ಕೊರಗುವಾಗ ಹಿನ್ನೀರಿನ ಈ ಬೇಸಾಯಗಾರನಿಗೆ ಕೊಯ್ಲಿಗೆ ಇನ್ನೊಂದು ಹದಿನೈದು ದಿನ ಸಿಕ್ಕಿರುತ್ತದೆ. ಜೂನಿನಲ್ಲೇ ಕಟ್ಟೆ ತುಂಬಿದ ವರ್ಷ ಎಲ್ಲರೂ ಸಂಭ್ರಮಿಸುವಾಗ ಅವನು ಕಾಳು ಬಲಿಯುವ ಮೊದಲೇ ಗಿಡ ಕಿತ್ತು ದನಕ್ಕೆ ಹಾಕಬೇಕಾಗುತ್ತದೆ. ಇದು ಅವನ ತಪ್ಪೂ ಅಲ್ಲ, ಕಟ್ಟೆಯ ತಪ್ಪೂ ಅಲ್ಲ. ಆದರೆ ತಲೆಮಾರುಗಳಿಂದ ನಡೆದುಬಂದ ಈ ಬೇಸಾಯಕ್ಕೆ ಯಾವ ಕಾಗದದಲ್ಲೂ ಹೆಸರಿಲ್ಲದಿರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಕನಿಷ್ಠ, ನೀರು ಇಷ್ಟು ದಿನದಲ್ಲಿ ಇಷ್ಟು ಅಡಿ ಏರಬಹುದು ಎಂಬ ಮುನ್ಸೂಚನೆ ನದಿಪಾತ್ರದ ಕೆಳಗಿನವರಿಗೆ ತಲುಪುವಷ್ಟೇ ನಿಷ್ಠೆಯಿಂದ ಹಿಂದಿನವರಿಗೂ ತಲುಪಬೇಕು.

ಮೀನುಗಾರರ ಲೆಕ್ಕ ಇನ್ನೊಂದು ಬಗೆಯದು. ಕಟ್ಟೆ ತುಂಬಿದಾಗ ಮೀನು ಅಷ್ಟಗಲ ಹರಡಿಕೊಳ್ಳುತ್ತದೆ, ಬಲೆಗೆ ಬೀಳುವುದು ಕಡಿಮೆ. ನೀರು ಇಳಿಯುತ್ತಾ ಬಂದಂತೆ ಕಾಟ್ಲಾ, ರೋಹು, ಜಿಲೇಬಿ ಎಲ್ಲವೂ ಕಿರಿದಾದ ಜಾಗಕ್ಕೆ ಸೇರಿ ಹಿಡಿಯುವುದು ಸುಲಭವಾಗುತ್ತದೆ. ಆದರೆ ನೀರು ತೀರಾ ಇಳಿದರೆ ಹಳೆಯ ಮರದ ಬೊಡ್ಡೆ, ಬಂಡೆ ಮೇಲಕ್ಕೆ ಬಂದು ಬಲೆ ಹರಿಯುತ್ತದೆ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಕೆಸರಿನಲ್ಲಿ ಅರ್ಧ ಮೈಲಿ ನಡೆಯಬೇಕಾಗುತ್ತದೆ. ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದಿರುತ್ತಾರೆ. ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ಬಲೆ ಬಿಡುತ್ತಾನೆ, ಬಹಳ ಕಡೆ ಆ ಇಬ್ಬರು ಗಂಡ ಹೆಂಡತಿ. ಸಂಜೆ ಬಲೆ ಬಿಟ್ಟು, ಬೆಳಕು ಹರಿಯುವ ಮೊದಲು ಎತ್ತಿ, ಬಿಸಿಲೇರುವುದರೊಳಗೆ ರಸ್ತೆ ಬದಿಗೆ ತಂದು ತಕ್ಕಡಿಗೆ ಹಾಕಬೇಕು.

ಈ ಊರುಗಳಿಗೂ ಮೈಸೂರು ನಗರಕ್ಕೂ ನಡುವೆ ದೂರ ತೀರಾ ಕಡಿಮೆ. ಮೈಸೂರಿನ ಕುಡಿಯುವ ನೀರು ಬಹುಮಟ್ಟಿಗೆ ಇದೇ ಕಾವೇರಿಯದು: ಕಟ್ಟೆಯ ಕೆಳಗೆ ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಿಂದ ಪಂಪ್ ಮಾಡಿ ತರುತ್ತಾರೆ, ಹಿನ್ನೀರಿನ ಹಳೇ ಉಂಡವಾಡಿಯಿಂದ ತರುವ ಯೋಜನೆಯೂ ಇದೆ. ಬೆಂಗಳೂರಿನ ಪಾಲು ಇಲ್ಲಿಂದ ನೇರ ಪೈಪಿನಲ್ಲಿ ಹೋಗುವುದಿಲ್ಲ. ಅದಕ್ಕಾಗಿ ಕಟ್ಟೆಯಿಂದ ನದಿಗೆ ನೀರು ಬಿಟ್ಟು, ಕೆಳಗೆ ಶಿವ ಅಣೆಕಟ್ಟೆಯ ಬಳಿ ತಿರುಗಿಸಿ, ತೊರೆಕಾಡನಹಳ್ಳಿಯಿಂದ ಮೇಲೆತ್ತಲಾಗುತ್ತದೆ. ಬೇಸಿಗೆಯಲ್ಲಿ ಚೌಕದಲ್ಲಿ ಕಾಣುವ ಸಣ್ಣ ಹೊರಹರಿವು ನಾಲೆಗಳೆಲ್ಲ ಮುಚ್ಚಿದ್ದರೂ ನಿಲ್ಲದಿರುವುದು ಈ ಕುಡಿಯುವ ನೀರಿಗಾಗಿಯೇ.

ನಗರದಿಂದ ಕಟ್ಟೆಯ ಕಡೆಗೆ ಬರುವುದು ಜನ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕಟ್ಟೆಯ ಬುಡದಲ್ಲಿ ಮಾಡಿಸಿದ ಬೃಂದಾವನಕ್ಕೆ ಬರುವವರು ಟಿಕೆಟ್ ಕೊಂಡು ನೋಡಿ ಹೋಗುತ್ತಾರೆ. ಮೀನಾಕ್ಷಿಪುರ, ಸಾಗರಕಟ್ಟೆ, ಬಲಮುರಿ, ಎಡಮುರಿಗಳಿಗೆ ಭಾನುವಾರ ಬರುವವರಿಗೆ ಗೇಟೂ ಇಲ್ಲ, ಕಾವಲೂ ಸಾಲದು. ಸಪಾಟಾಗಿ ಕಾಣುವ ಹಿನ್ನೀರಿನ ತಳದಲ್ಲಿ ಹಳೆಯ ಹಳ್ಳದ ಪಾತ್ರ, ಮಣ್ಣು ತೆಗೆದ ಗುಂಡಿ ಇರುತ್ತವೆ ಎಂಬುದು ಊರಿನವರಿಗೆ ಗೊತ್ತು, ಬಂದವರಿಗೆ ಗೊತ್ತಿಲ್ಲ; ಮೊಣಕಾಲುದ್ದದ ನೀರು ಒಂದು ಹೆಜ್ಜೆಯಲ್ಲಿ ಆಳುದ್ದವಾಗುತ್ತದೆ. ಮುಳುಗಿದವರನ್ನು ಹುಡುಕಲು ಹರಿಗೋಲು ಇಳಿಸುವವರು ಆ ಮೀನುಗಾರರೇ. ಒಡೆದ ಬಾಟಲಿಯ ಚೂರು ಮುಂದಿನ ಬೇಸಿಗೆಯಲ್ಲಿ ಅದೇ ಹೂಳಿನಲ್ಲಿ ಉಳುವ ಎತ್ತಿನ ಗೊರಸಿಗೆ ಸಿಗುತ್ತದೆ. ಇಲವಾಲದ ಕಡೆಯಿಂದ ಬಡಾವಣೆಗಳು ಹಿನ್ನೀರಿನತ್ತ ಹಬ್ಬುತ್ತಿರುವಾಗ ಅವುಗಳ ಕೊಳಚೆ ಎತ್ತ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಮೈಸೂರಿನವರೇ ಮೊದಲು ಕೇಳಬೇಕು, ಏಕೆಂದರೆ ಅದು ಅವರದೇ ನಲ್ಲಿಯ ಪ್ರಶ್ನೆ.

ಇನ್ನು ತಮಿಳುನಾಡಿನ ಪಾಲು. ನ್ಯಾಯಮಂಡಳಿಯ 2007ರ ತೀರ್ಪನ್ನು ತಿದ್ದಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಕೊಟ್ಟ ಆದೇಶದಂತೆ, ಸಾಧಾರಣ ಮಳೆಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಯಬೇಕು. ಹೆಚ್ಚಿನವರಿಗೆ ಈ ಒಟ್ಟು ಸಂಖ್ಯೆ ಗೊತ್ತು. ತಿಂಗಳ ಹಂಚಿಕೆ ಗೊತ್ತಿಲ್ಲ. ಜೂನಿನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟಿನಲ್ಲಿ 45.95, ಸೆಪ್ಟೆಂಬರಿನಲ್ಲಿ 36.76. ಆಗಸ್ಟ್ ಒಂದೇ ತಿಂಗಳ ಪಾಲು ಕನ್ನಂಬಾಡಿ ಕಟ್ಟೆಯ ಒಟ್ಟು ಸಾಮರ್ಥ್ಯಕ್ಕೆ ಹತ್ತಿರ ಹತ್ತಿರ. ಕಬಿನಿಯ ನೀರೂ ಇದರಲ್ಲಿ ಸೇರುತ್ತದೆ, ಮಳೆ ಚೆನ್ನಾದ ವರ್ಷ ಉಕ್ಕಿ ಹರಿಯುವ ನೀರೇ ಇದನ್ನು ತುಂಬಿಕೊಡುತ್ತದೆ, ಯಾರೂ ಮಾತೆತ್ತುವುದಿಲ್ಲ. ಕೊಡಗಿನಲ್ಲಿ ಮಳೆ ಕೈಕೊಟ್ಟಾಗ ಮಾತ್ರ ಈ ಹಂಚಿಕೆ ಇಕ್ಕಟ್ಟಿಗೆ ತರುತ್ತದೆ, ಏಕೆಂದರೆ ಕೊರತೆಯ ವರ್ಷ ಯಾರು ಎಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂಬ ಲೆಕ್ಕ ಎರಡೂ ರಾಜ್ಯಗಳಿಗೆ ಒಪ್ಪಿಗೆಯಾಗುವಂತೆ ಇನ್ನೂ ಆಗಿಲ್ಲ. 2023ರಲ್ಲಿ ಆದದ್ದು ಇದೇ. ದಿನಕ್ಕೆ 5,000 ಕ್ಯುಸೆಕ್‌ನಂತೆ ಹದಿನೈದು ದಿನ ಬಿಡಬೇಕೆಂಬ ಆದೇಶ ಬಂದಾಗ ಅದು ಕೇಳಲು ಸಣ್ಣದೆನಿಸಿತು. ಕೂಡಿಸಿದರೆ ಆರೂವರೆ ಟಿಎಂಸಿ. ತುಂಬಿದ ಕಟ್ಟೆಗೆ ಅದು ಐದಡಿಯ ಮಾತು. ತುಂಬದ ಕಟ್ಟೆಗೆ, ಒಳಹರಿವು ಇಲ್ಲದಿದ್ದರೆ, ಎಂಟು ಒಂಬತ್ತು ಅಡಿ. ಮಂಡ್ಯ ಬೀದಿಗಿಳಿದದ್ದಕ್ಕೆ ಭಾವುಕತೆಯಷ್ಟೇ ಕಾರಣ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಿಲ್ಲ. ಕೆಳಗೆ ತಂಜಾವೂರಿನ ಕಡೆಯ ರೈತನೂ ಕುರುವೈ ಭತ್ತಕ್ಕೆ ಇದೇ ನೀರನ್ನು ಕಾಯುತ್ತಾನೆ, ಅವನದೂ ಕೊನೆ ಭಾಗವೇ.

ಕಟ್ಟೆಯ ಗೋಡೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಂಡವಪುರದ ಬೇಬಿ ಬೆಟ್ಟದ ಸುತ್ತ ಕಲ್ಲುಗಣಿಗಾರಿಕೆಯ ಸ್ಫೋಟಗಳು ನಡೆಯುತ್ತಿದ್ದಾಗ, ಕಟ್ಟೆಗೆ ಅಪಾಯವಿದೆಯೇ ಇಲ್ಲವೇ ಎಂದು ವರ್ಷಗಟ್ಟಲೆ ವಾದ ನಡೆಯಿತು. ಪರೀಕ್ಷಾರ್ಥ ಸ್ಫೋಟ ಮಾಡಿ ನೋಡೋಣ ಎಂಬ ಪ್ರಸ್ತಾಪಕ್ಕೂ ರೈತರು ಅಡ್ಡ ನಿಂತರು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಸುರ್ಕಿ ಗಾರೆಯ, ತೊಂಬತ್ತು ವರ್ಷ ದಾಟಿದ ಕಟ್ಟಡವೊಂದರ ವಿಷಯದಲ್ಲಿ ಸಂದೇಹದ ಲಾಭ ಕಟ್ಟೆಗೇ ಸಲ್ಲಬೇಕು. ಕಲ್ಲನ್ನು ಬೇರೆ ಕಡೆಯಿಂದ ತರಬಹುದು.

ಆ ದಿನ ಸಾಗರಕಟ್ಟೆಯಿಂದ ಹೊರಡುವ ಮುನ್ನ, ಇಲ್ಲಿಗೆ ನೀರು ಬರುವುದು ಕಟ್ಟೆ ಎಷ್ಟು ಅಡಿ ಆದಾಗ ಎಂದು ಆ ಹಿರಿಯರನ್ನು ಕೇಳಿದ್ದೆ. ಅವರು ಅಡಿಯಲ್ಲಿ ಹೇಳಲಿಲ್ಲ. ಸೇತುವೆಯ ಎರಡನೆಯ ಕಂಬದ ಮೇಲಿನ ಗೆರೆಯೊಂದನ್ನು ತೋರಿಸಿ, ಅದು ನೆನೆದ ದಿನ ಅಲಸಂದೆಯ ಮೊದಲ ಸಾಲು ಕೀಳಬೇಕು, ಅದರ ಮೇಲಿನದು ನೆನೆದರೆ ಜೋಳ, ಅದರ ಮೇಲಿನದಕ್ಕೆ ಬಂದರೆ ಗುಡಿಸಲಿನ ಸೋಗೆ ಬಿಚ್ಚಬೇಕು ಎಂದು ಒಂದೊಂದಾಗಿ ಎಣಿಸಿದರು. ಮರುದಿನದ ಪತ್ರಿಕೆಯ ಚೌಕದಲ್ಲಿ ಒಳಹರಿವು ಇನ್ನೂ ನೂರರ ಲೆಕ್ಕದಲ್ಲೇ ಇತ್ತು. ಅವರಿಗೆ ಇನ್ನೂ ಕೆಲವು ವಾರ ಇದ್ದವು.